ಕೂತಲ್ಲೇ ಕಣ್ಣು ಎಳೆಯುತ್ತದೆಯೇ?

ಫೆಬ್ರವರಿ ೧೧

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಲ್ಲ ಎಂದು ನಿಮ್ಮ ಮಗ ನಗುತ್ತಿದ್ದಾನೆ. ಆದರೆ ಫೋನಿನಲ್ಲಿ ನೀವು ಮಾತಾಡುವ ವೇಗಕ್ಕೆ ನನ್ನ ಕನ್ನಡ ಓಡಿಬರಲಾರದು. ಅದಕ್ಕಿನ್ನೂ ಎರಡು ವರ್ಷ ವಯಸ್ಸು. ಕಾಗದದ ಮೇಲಾದರೆ ಗೋಡೆ ಹಿಡಿದುಕೊಂಡು ಹೇಗೋ ನಡೆಯುತ್ತದೆ.

ನಾನು ನಿದ್ದೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತು. ನಿದ್ದೆ ಕೆಟ್ಟವರು ಬರುತ್ತಾರೆ. ಅವರ ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಮಲಗಿಸುತ್ತೇನೆ. ಅದಕ್ಕೂ ಮುಂಚೆ ಅವರು ಒಂದು ಪ್ರಶ್ನಾವಳಿ ತುಂಬಬೇಕು. ಅದು ಇರುವುದು ನನ್ನ ಭಾಷೆಯಲ್ಲಿ, ಬರುವವರಲ್ಲಿ ಅರ್ಧ ಜನ ನಿಮ್ಮ ಭಾಷೆಯವರು. ದೊಡ್ಡ ಡಾಕ್ಟರು ಅದನ್ನು ಕಂಪ್ಯೂಟರಿಗೆ ಕೊಟ್ಟು ಕನ್ನಡ ಮಾಡಿಸಿದರು. ನನ್ನ ಭಾಷೆಯಲ್ಲಿ ಮನುಷ್ಯರು ನಿದ್ದೆಗೆ ಬೀಳುತ್ತಾರೆ. ನಿಮ್ಮಲ್ಲಿ ನಿದ್ದೆಯೇ ಮನುಷ್ಯರ ಹತ್ತಿರ ಬರುತ್ತದೆ. ಇದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ‘ಮಲಗಿದ ಮೇಲೆ ನೀವು ಎಷ್ಟು ಬೇಗ ಬೀಳುತ್ತೀರಿ?’ ಎಂದು ಅಚ್ಚಾಯಿತು. ಮೊನ್ನೆ ಬಂದ ಒಬ್ಬ ಅಜ್ಜ ಬಹಳ ಯೋಚಿಸಿ, ‘ನಾನು ಬೀಳಲ್ಲಮ್ಮ, ನನ್ನ ಕಡೆ ಗೋಡೆ ಇದೆ. ಬಿದ್ದರೆ ನನ್ನ ಹೆಂಡತಿ ಬೀಳಬೇಕು’ ಎಂದರು. ನಾನು ಅದನ್ನೇ ಬರೆದುಕೊಂಡೆ.

ನೀವು ಕನ್ನಡವನ್ನು ತಿದ್ದುವ ಕೆಲಸ ಮಾಡಿದವರು. ಒಂದೊಂದು ಪ್ರಶ್ನೆಯ ಅರ್ಥವನ್ನೂ ನನಗೆ ಬಂದ ಹಾಗೆ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇದನ್ನು ಸರಿಮಾಡಿ ಕೊಡುತ್ತೀರಾ? ಮದುವೆಯ ದಿನ ನೀವು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನನ್ನ ಕನ್ನಡ ಕೇಳಿ ನಿಮಗೆ ಹಲ್ಲುನೋವು ಬಂದಿರಬೇಕು ಎಂದು ಆಗ ಅಂದುಕೊಂಡೆ. ಆದ್ದರಿಂದ ಕೇಳಲು ಸ್ವಲ್ಪ ಹೆದರಿಕೆ.

ಮಾವನವರು ಚೆನ್ನಾಗಿದೆಯೇ?

ಇತಿ,
ನಿಮ್ಮ ಸೊಸೆ

*

ಫೆಬ್ರವರಿ ೨೬

ಸೊಸೆಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಇದರ ಜೊತೆಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಅಚ್ಚುಮನೆಯಲ್ಲಿ ಕರಡು ತಿದ್ದುತ್ತಲೇ ತಲೆ ಹಣ್ಣಾದವಳು ನಾನು. ಔಷಧಿ ಬಾಟಲಿಯ ಚೀಟಿ ಓದುವಾಗಲೂ ಕೈ ಪೆನ್ನು ಹುಡುಕುತ್ತದೆ. ಮಾವನವರು ‘ಚೆನ್ನಾಗಿದೆಯೇ’ ಅಲ್ಲ, ‘ಚೆನ್ನಾಗಿದ್ದಾರೆಯೇ’. ರಜೆಯ ದಿನ ಅವರು ಕುರ್ಚಿಯ ಮೇಲೆ ಇನ್ನೊಂದು ಕುರ್ಚಿಯ ಹಾಗೆ ಕೂತಿರುತ್ತಾರೆ, ನಿಜ. ಆದರೂ ವ್ಯಾಕರಣದ ಮಟ್ಟಿಗೆ ಅವರು ಮನುಷ್ಯರೇ.

ಪ್ರಶ್ನಾವಳಿಯನ್ನು ಹೊಸದಾಗಿಯೇ ಬರೆದಿದ್ದೇನೆ. ಆಸ್ಪತ್ರೆಯೆಂದ ಮೇಲೆ ಅದಕ್ಕೊಂದು ಘನತೆ ಇರುತ್ತದೆ, ಭಾಷೆ ಅದಕ್ಕೆ ತಕ್ಕ ಹಾಗಿರಬೇಕು. ‘ತಾವು ದಿವಾನಿದ್ರೆಗೆ ಒಳಗಾಗುವಿರಾ?’, ‘ನಿದ್ರಾವಸ್ಥೆಯಲ್ಲಿ ಶ್ವಾಸಸ್ತಂಭನ ಉಂಟಾಗುವುದೇ?’, ‘ತಮ್ಮ ಜೈವಿಕ ಗಡಿಯಾರದಲ್ಲಿ ವ್ಯತ್ಯಯವಿದೆಯೇ?’, ಹೀಗೆ. ಒಂದಕ್ಷರ ತಪ್ಪು ಹುಡುಕಿದರೂ ಸಿಗಲಾರದು.

ಮಾವ ಆರೋಗ್ಯವಾಗಿದ್ದಾರೆ. ಬೆಳಗಿನ ಮೊದಲ ಬಸ್ಸು ಓಡಿಸುವ ಪಾಳಿ ಈಗಲೂ ಅವರದೇ. ನಿದ್ದೆಯ ವಿಷಯದಲ್ಲಂತೂ ಅವರಿಗೆ ನಿನ್ನ ಆಸ್ಪತ್ರೆಯ ಅಗತ್ಯವಿಲ್ಲ. ತಲೆ ಊರಲು ಜಾಗ ಸಿಕ್ಕರೆ ಸಾಕು, ಮಾತು ಮುಗಿಸುವ ಮೊದಲೇ ಗೊರಕೆ. ಆ ಗೊರಕೆಗೆ ಹೆದರಿ ನಾನು ಪಕ್ಕದ ಕೋಣೆಗೆ ಹೋಗಿ ವರ್ಷಗಳಾದವು.

ನನಗೆ ಹಲ್ಲುನೋವು ಇಲ್ಲ.

ಇತಿ,
ನಿನ್ನ ಅತ್ತೆ

*

ಮಾರ್ಚ್ ೧೯

ಪ್ರೀತಿಯ ಅತ್ತೆಯವರಿಗೆ,

ನೀವು ತಿದ್ದಿದ ನನ್ನ ಪತ್ರವನ್ನು ನಿಮ್ಮ ಮಗ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾನೆ. ದಿನಾ ಒಂದು ಸಾಲು ಕಲಿಯುತ್ತಿದ್ದೇನೆ.

ನಿಮ್ಮ ಪ್ರಶ್ನಾವಳಿ ಬಹಳ ಸುಂದರವಾಗಿತ್ತು. ದೊಡ್ಡ ಡಾಕ್ಟರು ಅಕ್ಷರಗಳನ್ನು ನೋಡಿಯೇ ಕೈ ಮುಗಿದರು. ಆದರೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ಶ್ವಾಸಸ್ತಂಭನ ಎಂಬುದನ್ನು ಓದಿದ ಒಬ್ಬ ಹೆಂಗಸು, ‘ಅದು ಎಲ್ಲಿರೋ ಕಂಬ ತಾಯಿ?’ ಎಂದು ಕೇಳಿದರು. ಇನ್ನೊಬ್ಬರು ದಿವಾನಿದ್ರೆಗೆ, ‘ನಮ್ಮನೇಲಿ ದಿವಾನ್ ಇಲ್ಲ, ಮಾಮೂಲಿ ಮಂಚ’ ಎಂದರು. ಅರ್ಥ ಬಿಡಿಸಿ ‘ಹಗಲು ನಿದ್ದೆ ಮಾಡುತ್ತೀರಾ’ ಎಂದು ಕೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ‘ನಾನೇನು ಸೋಮಾರಿಯಾ?’ ಎನ್ನುತ್ತಾರೆ. ಎಲ್ಲರದೂ ‘ಇಲ್ಲ’, ‘ಇಲ್ಲ’, ‘ಇಲ್ಲ’.

ಹೋದ ವಾರ ಒಬ್ಬ ಗಾರೆ ಕೆಲಸದವರು ಬಂದರು. ಕೈಗೆ ಪಟ್ಟಿ ಕಟ್ಟಿತ್ತು. ಸಾರುವೆಯ ಮೇಲಿಂದ ಬಿದ್ದಿದ್ದರು. ಹಗಲು ನಿದ್ದೆಯ ಎದುರು ಅವರೂ ‘ಇಲ್ಲ’ ಎಂದೇ ಬರೆದಿದ್ದರು. ನನಗೆ ನಂಬಿಕೆ ಬರಲಿಲ್ಲ. ನಿಮ್ಮ ಮಗ ಲಿಫ್ಟ್ ರಿಪೇರಿ ಮುಗಿಸಿ ಮನೆಗೆ ಬಂದು ಸೋಫಾದ ಮೇಲೆ ಕೂತೊಡನೆ ಒಂದು ಮಾತು ಹೇಳುತ್ತಾನೆ. ಅದು ನೆನಪಾಗಿ, ‘ಅಣ್ಣಾ, ಕೂತಲ್ಲೇ ಕಣ್ಣು ಎಳೆಯುತ್ತದಾ?’ ಎಂದು ಕೇಳಿದೆ. ‘ಅದಾ? ಅದು ದಿನಾ ಇದ್ದದ್ದೇ. ಮೊನ್ನೆ ನಿಂತಲ್ಲೇ ಎಳೀತು, ಅದಕ್ಕೇ ಬಿದ್ದೆ’ ಎಂದರು.

ಅತ್ತೆಯವರೇ, ಅವರು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು, ಅಷ್ಟೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಜನ ನಿದ್ದೆಯ ಬಗ್ಗೆ ಏನೇನು ಹೇಳುತ್ತಾರೆ? ನನಗೆ ಆ ಮಾತುಗಳು ಬೇಕು.

ತಪ್ಪಿದ್ದರೆ ಕೆಂಪು ಶಾಯಿ ಹಾಕಿ.

ಇತಿ,
ನಿಮ್ಮ ಸೊಸೆ

*

ಏಪ್ರಿಲ್ ೨೨

ಸೊಸೆಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಮೊದಲ ವಾರ ನಿನ್ನ ಮೇಲೆ ಸಿಟ್ಟಿತ್ತು. ನಿನ್ನೆ ಮೊನ್ನೆ ಅಕ್ಷರ ಕಲಿತವಳು ನನ್ನ ಕನ್ನಡಕ್ಕೆ ಕೊಕ್ಕೆ ಹಾಕುವುದೇ ಎಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದೆ. ಎರಡನೆಯ ವಾರ ಕಂಬದ ಹೆಂಗಸು ನೆನಪಾಗಿ, ತರಕಾರಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಅಂಗಡಿಯವನು ತೂಕ ಸರಿಯಾಗಿದೆ ಎಂದು ಆಣೆ ಇಟ್ಟ.

ಆಮೇಲೆ ಕಿವಿ ತೆರೆದಿಟ್ಟುಕೊಂಡು ತಿರುಗಿದೆ. ಬಸ್ಸಿನಲ್ಲಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ, ದಂತವೈದ್ಯರ ಹೊರಕೋಣೆಯಲ್ಲಿ. ನಮ್ಮ ಜನಕ್ಕೆ ನಿದ್ದೆಯೆಂದರೆ ಮನೆಗೆ ಬಂದುಹೋಗುವ ನೆಂಟ. ಬರುತ್ತದೆ, ಹತ್ತುತ್ತದೆ, ಮಾತಾಡಿದರೆ ಹಾರಿಹೋಗುತ್ತದೆ, ಒಮ್ಮೆ ಕೆಟ್ಟರೆ ಮತ್ತೆ ಸರಿಹೋಗಲು ಸತಾಯಿಸುತ್ತದೆ. ಮಂಪರು ಬೇರೆ, ಜೊಂಪು ಬೇರೆ. ಮಂಪರಿನಲ್ಲಿ ಕರೆದರೆ ‘ಹ್ಞೂಂ’ ಅನ್ನುತ್ತಾರೆ, ಜೊಂಪಿನಲ್ಲಿ ಅನ್ನುವುದಿಲ್ಲ. ತೂಕಡಿಕೆಯಲ್ಲಿ ತಲೆ ಎದೆಯ ಮೇಲೆ ಬೀಳುತ್ತದೆ. ಮತ್ತೆ ಮತ್ತೆ ಎಚ್ಚರವಾದರೆ ಕೋಳಿನಿದ್ದೆ. ಇವುಗಳಲ್ಲಿ ಒಂದನ್ನೂ ನಾನು ಇಷ್ಟು ವರ್ಷ ಯಾವ ಕರಡಿನಲ್ಲೂ ಕಂಡಿರಲಿಲ್ಲ. ಕಂಡಿದ್ದರೆ ಹೊಡೆದುಹಾಕಿ ‘ನಿದ್ರೆ’ ಎಂದು ಬರೆದಿರುತ್ತಿದ್ದೆ.

‘ಜೈವಿಕ ಗಡಿಯಾರ’ವನ್ನೂ ಕೈಬಿಟ್ಟೆ. ಗಡಿಯಾರ ಇರುವುದು ಗೋಡೆಯ ಮೇಲೆ. ಮೈಯೊಳಗೆ ಇರುವುದು ಹೊತ್ತು. ಹಸಿವಿನ ಹೊತ್ತು, ಮಲಗುವ ಹೊತ್ತು, ಯಾರ ಮಾತೂ ಸೇರದ ಹೊತ್ತು. ಆದ್ದರಿಂದ ‘ಮೈಹೊತ್ತು’ ಎನ್ನೋಣ. ಅಚ್ಚಿನವನಿಗೆ ಮಾತ್ರ ಒತ್ತಿ ಹೇಳು, ಅದು ಒಂದೇ ಪದ. ನಡುವೆ ಜಾಗ ಬಿಟ್ಟನೋ, ‘ಮೈ ಹೊತ್ತು’ ಆಗಿ, ರೋಗಿಗಳು ತಮ್ಮ ಮೈಯನ್ನು ತಾವೇ ಹೆಗಲ ಮೇಲೆ ಹೊತ್ತು ತಂದ ಹಾಗಾಗುತ್ತದೆ.

ಹೊಸ ಪ್ರಶ್ನೆಗಳನ್ನು ಮೊದಲು ನಿನ್ನ ಮಾವನ ಮೇಲೆ ಪ್ರಯೋಗಿಸಿದೆ. ತಿಂಡಿಗೆ ಕೂತಿದ್ದರು.

‘ಹಗಲು ನಿದ್ದೆ ಮಾಡ್ತೀರಾ?’

‘ನಾನು ಹಗಲು ನಿದ್ದೆ ಮಾಡಿದ್ರೆ ಬಸ್ಸನ್ನೇನು ನಿಮ್ಮಪ್ಪ ಓಡಿಸ್ತಾನಾ?’

‘ಹೋಗಲಿ, ಕೂತಲ್ಲೇ ಕಣ್ಣು ಎಳೆಯುತ್ತಾ?’

‘ಎಳೆಯುತ್ತೆ. ಯಾರಿಗೆ ಎಳೆಯಲ್ಲ?’

‘ಎಲ್ಲೆಲ್ಲಿ?’

‘ಟೀವಿ ಮುಂದೆ. ಕಟಿಂಗ್ ಶಾಪಲ್ಲಿ. ನಿನ್ನ ತಮ್ಮ ಬಂದು ಮಾತಾಡೋವಾಗ.’ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ‘ಸಿಗ್ನಲ್ ಸ್ವಲ್ಪ ಉದ್ದ ಆದ್ರೆ’ ಎಂದರು.

ಬೆಣ್ಣೆಯ ಚಾಕು ಅಲ್ಲಿಗೇ ನಿಂತಿತು. ಉಳಿದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಶೂ ಹಾಕಿಕೊಂಡರು. ತಮಾಷೆಗೆ ಅಂದದ್ದಿರಬೇಕು. ನೀನು ನಗಲಿ ಎಂದು ಬರೆದೆ.

ಇತಿ,
ನಿನ್ನ ಅತ್ತೆ

*

ಏಪ್ರಿಲ್ ೩೦

ಪ್ರೀತಿಯ ಅತ್ತೆಯವರಿಗೆ,

ನಾನು ನಗಲಿಲ್ಲ. ಕ್ಷಮಿಸಿ.

ದಯವಿಟ್ಟು ಒಂದು ಕೆಲಸ ಮಾಡಿ. ಮಾವನವರು ರಜೆಯ ದಿನ ಮಧ್ಯಾಹ್ನ ಮಲಗಿದಾಗ ಅವರ ಹತ್ತಿರ ಕೂತು ಕೇಳಿಸಿಕೊಳ್ಳಿ. ಗೊರಕೆಯನ್ನಲ್ಲ. ಗೊರಕೆ ನಿಂತಾಗ ಏನಾಗುತ್ತದೆ ಎಂಬುದನ್ನು.

ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಮೊದಲು ನೀವು ನೋಡಿ.

ನಿಮ್ಮ ಸೊಸೆ

*

ಮೇ ೧೨

ಸೊಸೆಗೆ,

ಭಾನುವಾರ ಕೂತೆ. ಊಟವಾಗಿ ಅವರು ಮಲಗಿದ್ದರು. ಹೊರಗೆ ಮಕ್ಕಳು ಚೆಂಡಾಡುತ್ತಿದ್ದರು. ಗೊರಕೆ ಶುರುವಾಯಿತು. ಅದನ್ನು ನಾನು ಗೋಡೆಯಾಚೆಯಿಂದಲೇ ಅಳೆಯಬಲ್ಲೆ. ಏರುತ್ತ ಏರುತ್ತ ಹೋಗಿ ಒಮ್ಮೆಗೇ ನಿಂತಿತು. ಎದೆ ಎದ್ದು ಇಳಿಯುತ್ತಿತ್ತು, ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ನಾನೂ ಉಸಿರು ಹಿಡಿದು ಕಾದೆ. ನನ್ನ ಉಸಿರು ಮೊದಲು ಸೋತಿತು. ಆಮೇಲೆ, ನೀರಲ್ಲಿ ಮುಳುಗಿದವರು ತಲೆ ಎತ್ತಿದ ಹಾಗೆ, ಒಂದು ಸಲ ಎಳೆದುಕೊಂಡರು. ಮತ್ತೆ ಗೊರಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಗೊರಕೆ ನಿಂತ ಗಳಿಗೆಯಲ್ಲೇ ಕಣೇ, ಪಕ್ಕದ ಕೋಣೆಯಲ್ಲಿ ನನಗೆ ಇಷ್ಟು ವರ್ಷ ನಿದ್ದೆ ಹತ್ತುತ್ತಿದ್ದದ್ದು. ಸದ್ಯ, ನಿಂತಿತಲ್ಲ ಎಂದು ಸಮಾಧಾನ ಮಾಡಿಕೊಂಡು ಮಗ್ಗುಲಾಗುತ್ತಿದ್ದೆ.

ಶ್ವಾಸಸ್ತಂಭನ ಎಂದು ನಾನೇ ಬರೆದಿದ್ದೆ. ನನ್ನ ಕೈಬರಹದಲ್ಲಿ, ಒಂದಕ್ಷರ ತಪ್ಪಿಲ್ಲದೆ.

ಎದ್ದ ಮೇಲೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ‘ಡಿಪೋದಲ್ಲಿ ಗೊತ್ತಾದ್ರೆ ಸ್ಟೇರಿಂಗ್ ಕಿತ್ತುಕೊಂಡು ವಿಚಾರಣೆ ಕಿಟಕೀಲಿ ಕೂರಿಸ್ತಾರೆ. ನಾನು ಕಿಟಕಿ ಕಾಯೋನಾ? ಇದಕ್ಕೇ ಏನು ಆ ಹುಡುಗಿ ಕಾಗದ ಬರೀತಿದ್ದದ್ದು?’ ಎಂದರು. ಅಲ್ಲ, ಪದಗಳಿಗಾಗಿ ಎಂದೆ. ‘ಪದ ಕೇಳೋಕೆ ಬಂದವಳಿಗೆ ನನ್ನ ಮೂಗು ಯಾಕೆ?’ ಎಂದು ಹೊರಗೆ ಹೋದರು.

ಸದ್ಯಕ್ಕೆ ಬರೆಯಬೇಡ. ಲಕೋಟೆ ಕಂಡರೆ ಊಟ ಬಿಡುತ್ತಾರೆ.

ಅತ್ತೆ

*

ಜೂನ್ ೨೫

ಮಾವನವರಿಗೆ ನಮಸ್ಕಾರಗಳು.

ಅತ್ತೆಯವರು ಬರೆಯಬೇಡ ಎಂದಿದ್ದರು. ಅವರಿಗೆ ಬರೆಯುತ್ತಿಲ್ಲ, ನಿಮಗೆ ಬರೆಯುತ್ತಿದ್ದೇನೆ. ತಪ್ಪುಗಳಿರುತ್ತವೆ. ದಯವಿಟ್ಟು ಅವರಿಗೆ ತೋರಿಸಬೇಡಿ.

ನಿಮ್ಮ ಮೂಗಿನ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ, ಒಪ್ಪುತ್ತೇನೆ. ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಲಾರಿ ಓಡಿಸುವವರು, ಕ್ರೇನ್ ನಡೆಸುವವರು ಬಹಳ ಜನ. ಎಲ್ಲರೂ ಹೆಂಡತಿ ತಳ್ಳಿದ್ದಕ್ಕೆ ಬಂದವರೇ. ಎಲ್ಲರಿಗೂ ನಿಮ್ಮದೇ ಹೆದರಿಕೆ. ನಾನು ಅವರಿಗೆ ತಂತಿ ಅಂಟಿಸುತ್ತೇನೆ, ಅವರು ಮಲಗುತ್ತಾರೆ, ಯಂತ್ರ ಉಸಿರನ್ನು ಬರೆದುಕೊಳ್ಳುತ್ತದೆ. ಹೆಚ್ಚಿನವರಿಗೆ ಸಿಗುವುದು ಒಂದು ಗಾಳಿಯ ಮುಖವಾಡ. ಮಲಗುವಾಗ ಹಾಕಿಕೊಂಡರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಅದರಲ್ಲಿ ಯಾರೂ ಚೆಂದ ಕಾಣುವುದಿಲ್ಲ. ಹೋದ ವರ್ಷ ಬಂದ ಒಬ್ಬ ಕ್ರೇನಿನವರು ನಾಲ್ಕು ತಿಂಗಳು ಕೆಳಗೆ ಕೂತು ಮತ್ತೆ ಮೇಲೆ ಹತ್ತಿದರು. ಮೇಲಿಂದ ನನಗೆ ಫೋನ್ ಮಾಡಿ, ಇಲ್ಲಿಂದ ನಿಮ್ಮ ಆಸ್ಪತ್ರೆ ಕಾಣುತ್ತದೆ ಎಂದರು. ಎಲ್ಲರಿಗೂ ಹಾಗೇ ಆಗುತ್ತದೆ ಎಂದು ಹೇಳಲಾರೆ. ಬಹಳ ಜನಕ್ಕೆ ಆಗಿದೆ.

ಇನ್ನೊಂದು ವಿಷಯ. ‘ಸಿಗ್ನಲ್ ಉದ್ದವಾದಾಗ ಕಣ್ಣು ಎಳೆಯುತ್ತದೆಯೇ?’ ಎಂಬ ಪ್ರಶ್ನೆಯನ್ನು ಹೊಸ ಹಾಳೆಯಲ್ಲಿ ಸೇರಿಸಿದ್ದೇವೆ. ನಿಮ್ಮ ಮಾತು ಎಂದು ಯಾರಿಗೂ ಹೇಳಿಲ್ಲ. ಅದಕ್ಕೆ ಈ ತಿಂಗಳು ಇಬ್ಬರು ಡ್ರೈವರುಗಳು ‘ಹೌದು’ ಎಂದು ಬರೆದಿದ್ದಾರೆ.

ಮದುವೆಯ ದಿನ ರೈಲ್ವೆ ಸ್ಟೇಷನ್ನಿನಲ್ಲಿ ನೀವು ನನ್ನ ದೊಡ್ಡ ಪೆಟ್ಟಿಗೆಯನ್ನು ಎತ್ತಿಕೊಂಡು ಮುಂದೆ ಮುಂದೆ ನಡೆದಿರಿ. ನನಗೆ ಆಗ ಕನ್ನಡದಲ್ಲಿ ‘ಕೊಡಿ, ನಾನು ತರುತ್ತೇನೆ’ ಎನ್ನಲು ಬರಲಿಲ್ಲ. ಈಗ ಬರುತ್ತದೆ.

ನಿಮ್ಮ ಸೊಸೆ

*

ಜುಲೈ ೧೭

ಪ್ರೀತಿಯ ಸೊಸೆಗೆ,

ಶನಿವಾರದ ರೈಲಿಗೆ ಇಬ್ಬರೂ ಬರುತ್ತಿದ್ದೇವೆ. ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ, ಬಂದ ಮೇಲೆ ಅವರ ಎದುರು ಕೇಳಬೇಡ.

ಮೊನ್ನೆ ಮಧ್ಯಾಹ್ನ ಮಾರ್ಕೆಟ್ ಸ್ಟಾಪಿನಲ್ಲಿ ಬಸ್ಸು ನಿಂತಿತು. ಜನ ಹತ್ತಿದರು. ಕಂಡಕ್ಟರ್ ಬೆಲ್ ಹೊಡೆದ. ಬಸ್ಸು ಕದಲಲಿಲ್ಲ. ಮತ್ತೆ ಹೊಡೆದ. ಈ ಕಂಡಕ್ಟರನಿಗೆ ಡಿಪೋದಲ್ಲಿ ‘ಚಿಲ್ಲರೆ’ ಎಂದೇ ಹೆಸರು, ಯಾರಿಗೂ ಚಿಲ್ಲರೆ ಕೊಡದೆ ಗಳಿಸಿದ ಬಿರುದು. ಅವನು ಮುಂದೆ ಹೋಗಿ ನೋಡಿದರೆ, ನಿನ್ನ ಮಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕಣ್ಣು ಅರ್ಧ ತೆರೆದುಕೊಂಡು, ನಿದ್ದೆ. ಇಂಜಿನ್ ಓಡುತ್ತಲೇ ಇದೆ. ಭುಜ ಅಲ್ಲಾಡಿಸಿದ. ಎದ್ದವರು ಕನ್ನಡಿಯಲ್ಲಿ ಹಿಂದೆ ಕೂತ ಜನರನ್ನು ಒಂದು ಸಲ ನೋಡಿದರಂತೆ. ಇಂಜಿನ್ ಆರಿಸಿ, ‘ಬೇರೆ ಡ್ರೈವರಿಗೆ ಫೋನ್ ಮಾಡು’ ಎಂದರಂತೆ.

ಚಿಲ್ಲರೆ ಮನೆಯವರೆಗೂ ಜೊತೆಗೆ ಬಂದ. ಅವನೇ ನನಗೆ ಹೇಳಿದ್ದು: ‘ಅಕ್ಕಾ, ನಾನು ಯಾರಿಗೂ ಹೇಳಲ್ಲ ಅಂದೆ. ನೀನು ಹೇಳದಿದ್ರೆ ನಾನೇ ಹೇಳ್ತೀನಿ ಅಂತ ಸೀದಾ ಮ್ಯಾನೇಜರ್ ರೂಮಿಗೆ ಹೋದ್ರು. ಕೀ ಟೇಬಲ್ ಮೇಲಿಟ್ಟು, ಕಣ್ಣು ಸರಿಯಾಗಿದೆ ಸಾರ್, ನಿದ್ದೆ ಕೆಟ್ಟಿದೆ, ನೋಡಿಸ್ಕೊಂಡು ಬರ್ತೀನಿ ಅಂದ್ರು.’

ಮನೆಗೆ ಬಂದು ಅಂಗಿ ತೆಗೆದು ಕೊಟ್ಟರು. ಒಗೆಯುವ ಮುಂಚೆ ಜೇಬು ನೋಡಿದೆ. ನಿನ್ನ ಪತ್ರ ಇತ್ತು, ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು. ನಾನು ಬಿಚ್ಚಲಿಲ್ಲ. ಮೇಜಿನ ಮೇಲಿಟ್ಟೆ. ಅವರು ಅದನ್ನು ಒಗೆದ ಅಂಗಿಯ ಜೇಬಿಗೆ ಹಾಕಿಕೊಂಡರು.

ಸ್ಟೇಷನ್ನಿಗೆ ಬಾ. ಪೆಟ್ಟಿಗೆ ಒಂದೇ ಇದೆ, ಸಣ್ಣದು.

ನಿನ್ನ ಅತ್ತೆ

*

ಆಗಸ್ಟ್ ೧೪

ಪ್ರೀತಿಯ ಅತ್ತೆಗೆ,

ನೀವಿಬ್ಬರೂ ಹೋದ ಮೇಲೆ ಮನೆ ದೊಡ್ಡದಾಗಿದೆ. ನಿಮ್ಮ ಮಗ ಮುಖವಾಡದ ಫೋಟೋವನ್ನು ದಿನಕ್ಕೊಮ್ಮೆ ನೋಡಿ, ‘ಅಪ್ಪ ಚಂದ್ರನ ಮೇಲೆ ಇಳಿದ ಹಾಗಿದೆ’ ಎನ್ನುತ್ತಾನೆ. ಗಾಳಿಯಂತ್ರ ಜೊತೆಗಿದ್ದದ್ದರಿಂದ ರೈಲಿನಲ್ಲಿ ತೊಂದರೆಯಾಗಲಿಲ್ಲವಷ್ಟೆ?

ನೀವು ಹೊರಗೆ ಕೂತಿದ್ದಾಗ ಒಳಗೆ ನಡೆದದ್ದನ್ನು ಹೇಳಿರಲಿಲ್ಲ. ತಂತಿ ಅಂಟಿಸಲು ಬೇರೆಯವರನ್ನು ಕಳಿಸಲೇ ಎಂದು ದೊಡ್ಡ ಡಾಕ್ಟರು ಕೇಳಿದರು. ನಾನು ಮಾವನವರ ಕಡೆ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತ, ‘ಮನೆಯವರೇ ಇರೋವಾಗ ಬೇರೆಯವರು ಯಾಕೆ?’ ಎಂದರು. ಅವರ ಕೂದಲನ್ನು ಬಾಚಣಿಗೆಯಿಂದ ಬಿಡಿಸಿ ಬಿಡಿಸಿ ಅಂಟು ಹಚ್ಚಿದೆ. ಮೊದಲ ತಂತಿಯನ್ನೇ ತಪ್ಪು ಜಾಗಕ್ಕೆ ಅಂಟಿಸಿ ಕಿತ್ತೆ. ನೂರಾರು ತಲೆಗಳಿಗೆ ಅಂಟಿಸಿದ್ದೇನೆ, ಯಾವತ್ತೂ ಹೀಗಾಗಿರಲಿಲ್ಲ. ಅವರಿಗೆ ಗೊತ್ತಾಗಿರಬೇಕು. ‘ಇಷ್ಟು ವೈರಲ್ಲಿ ಯಾವ್ಯಾವ ಸ್ಟೇಷನ್ ಸಿಗುತ್ತೆ?’ ಎಂದು ಕೇಳಿದರು. ನಕ್ಕೆ. ಮುಂದಿನ ತಂತಿ ಸರಿಯಾದ ಜಾಗಕ್ಕೇ ಕೂತಿತು.

ಪ್ರಶ್ನಾವಳಿ ಅಚ್ಚಾಗಿ ಬಂದಿದೆ. ಇನ್ನೆರಡು ಆಸ್ಪತ್ರೆಗಳು ಅದನ್ನೇ ಕೇಳಿ ತೆಗೆದುಕೊಂಡವು. ನಿಮಗೆ ಬೇಸರವಾಗುವ ಒಂದು ಸುದ್ದಿಯೂ ಇದೆ. ನಾನು ಎಷ್ಟು ಹೇಳಿದರೂ ಬಾಗಿಲಿನ ಬೋರ್ಡು ಬರೆದವನು ನಡುವೆ ಜಾಗ ಬಿಟ್ಟಿದ್ದಾನೆ. ‘ಮೈ ಹೊತ್ತು ತಪ್ಪಿ ಬಂದವರು ಇಲ್ಲಿ ಕೂರಿ’ ಎಂದಿದೆ. ಭಾರಿ ಆಳೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಅದನ್ನು ಓದಿ, ‘ಹೊತ್ತೇ ಬಂದಿದ್ದ್ದೀನಮ್ಮ, ನಿಮ್ಮ ಲಿಫ್ಟ್ ಕೆಟ್ಟಿದೆ’ ಎಂದರು. ನಿಮ್ಮ ಮಗನನ್ನು ಕರೆಸಿ ಲಿಫ್ಟ್ ಸರಿಮಾಡಿಸಿದೆವು. ಬೋರ್ಡು ಹಾಗೇ ಇದೆ.

ಇನ್ನು ಮುಂದೆ ‘ಅತ್ತೆಯವರೇ’ ಎಂದು ಬರೆಯುವುದಿಲ್ಲ. ರೈಲು ಹೊರಡುವಾಗ ನೀವೇ ಬೇಡ ಎಂದಿದ್ದೀರಿ.

ನಿಮ್ಮ ಸೊಸೆ

*

ಅಕ್ಟೋಬರ್ ೫

ಪ್ರೀತಿಯ ಸೊಸೆಗೆ,

ನಿನ್ನ ಮಾವ ಈಗ ವಿಚಾರಣೆ ಕಿಟಕಿಯಲ್ಲಿ ಕೂರುತ್ತಾರೆ. ಬಂದವರಿಗೆಲ್ಲ ಯಾವ ಬಸ್ಸು ಎಂದಷ್ಟೇ ಹೇಳಿ ಬಿಡುವುದಿಲ್ಲ. ಯಾವ ಡ್ರೈವರು ಬ್ರೇಕನ್ನು ಹೇಗೆ ಒತ್ತುತ್ತಾನೆ, ಯಾವುದರಲ್ಲಿ ಹಿಂದೆ ಕೂರಬಾರದು ಎಂಬುದನ್ನೂ ಹೇಳುತ್ತಾರೆ. ಸಾಲು ರಸ್ತೆಯವರೆಗೆ ಬೆಳೆಯುತ್ತದೆ. ಮ್ಯಾನೇಜರೇ ಡಾಕ್ಟರ ಕಾಗದ ಯಾವಾಗ ಬರುತ್ತದೆ ಎಂದು ದಿನಾ ಕೇಳುತ್ತಾನಂತೆ.

ಮುಖವಾಡವನ್ನು ಮೊದಲ ವಾರ ಕಿತ್ತೆಸೆದರು, ಎರಡನೆಯ ವಾರ ಬೈದರು, ಈಗ ಅದಿಲ್ಲದೆ ದಿಂಬಿಗೆ ತಲೆ ಇಡುವುದಿಲ್ಲ. ತಿಂಡಿಯ ಹೊತ್ತಿಗೆ ಮಾತಾಡುತ್ತಾರೆ. ಇಷ್ಟು ಮಾತು ಈ ಮನುಷ್ಯನ ಒಳಗೆ ಎಲ್ಲಿತ್ತು ಎಂದು ಆಶ್ಚರ್ಯವಾಗುತ್ತದೆ. ಮೊನ್ನೆ ಸಂಜೆ ನನ್ನ ತಮ್ಮ ಬಂದಾಗ ಅವನ ಕಥೆಯನ್ನು ಕೊನೆಯವರೆಗೆ ಕೇಳಿದರು. ತಮ್ಮನಿಗೇ ಗಾಬರಿಯಾಗಿ ಬೇಗ ಹೊರಟ.

ಕೆಟ್ಟದ್ದು ಈಗ ನನ್ನ ನಿದ್ದೆ. ಹಳೆಯ ಕೋಣೆಗೆ ಮರಳಿದ್ದೇನೆ. ಆದರೆ ಗೊರಕೆಯಿಲ್ಲದ ಕೋಣೆಗೆ ಒಗ್ಗಿಕೊಳ್ಳಲು ಆಗುತ್ತಿಲ್ಲ. ಸದ್ದಿಲ್ಲ ಎಂದರೆ ಉಸಿರಿಲ್ಲ ಎಂಬುದು ಆ ಭಾನುವಾರದಿಂದ ತಲೆಯೊಳಗೆ ಕೂತುಬಿಟ್ಟಿದೆ. ಮತ್ತೆ ಮತ್ತೆ ಎದ್ದು ಅವರ ಮೂಗಿನ ಹತ್ತಿರ ಕೈ ಹಿಡಿದು ಗಾಳಿ ನೋಡುತ್ತೇನೆ. ‘ಬದುಕಿದ್ದೀನಿ, ಮಲಗು’ ಎನ್ನುತ್ತಾರೆ ಮುಖವಾಡದೊಳಗಿಂದ. ಕೋಳಿನಿದ್ದೆ ಎಂದರೇನೆಂದು ಬರೆದು ಕಳಿಸಿದವಳೇ ಈಗ ಕೋಳಿಯಾಗಿದ್ದೇನೆ. ನಿನ್ನ ಡಾಕ್ಟರಿಗೆ ಹೇಳಬೇಡ, ನನಗೂ ತಂತಿ ಅಂಟಿಸಿಯಾರು.

ನಿನ್ನ ಕಳೆದ ಪತ್ರದಲ್ಲಿ ಒಂದು ತಪ್ಪಿತ್ತು. ‘ಬಂದಿದ್ದೀನಮ್ಮ’ ಎನ್ನುವಲ್ಲಿ ದಕಾರ ಹೆಚ್ಚಾಗಿದೆ. ಪೆನ್ನು ತೆಗೆದೆ, ಮತ್ತೆ ಮುಚ್ಚಿಟ್ಟೆ. ಇರಲಿ.

ನಿನ್ನ ಅತ್ತೆ

*

ನವೆಂಬರ್ ೨೩

ಸೊಸೆಗೆ,

ನಾನು ಪತ್ರ ಬರೆದವನಲ್ಲ. ರಜೆ ಅರ್ಜಿ ಬರೆದಿದ್ದೇನೆ, ಅದರಲ್ಲಿ ಕಾರಣ ಯಾವಾಗಲೂ ಜ್ವರ. ಇದನ್ನು ನಿನ್ನ ಅತ್ತೆ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ತಪ್ಪು ಎಣಿಸಬೇಡ.

ನಿಮ್ಮ ಡಾಕ್ಟರ ಕಾಗದ ತಲುಪಿತು. ಡಿಪೋದವರೂ ತಮ್ಮ ಡಾಕ್ಟರಿಂದ ಒಮ್ಮೆ ನೋಡಿಸಿದರು. ಸೋಮವಾರ ಕೀ ವಾಪಸ್ ಕೊಟ್ಟರು. ಮ್ಯಾನೇಜರ್ ಕೈ ಕುಲುಕಿ, ಕಿಟಕಿಯಲ್ಲಿ ನಿಮ್ಮನ್ನು ಸಹಿಸುವುದು ಕಷ್ಟವಿತ್ತು ಎಂದ.

ಮೊದಲ ದಿನ ನಿನ್ನ ಅತ್ತೆಯೂ ಹೊರಟಳು. ತಂಗಿ ಮನೆಗೆ ಹೋಗಬೇಕು ಎಂದಳು. ಅವಳ ತಂಗಿ ಊರಲ್ಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನಾನು ಬಸ್ಸು ಓಡಿಸಲು ಸೇರಿದಾಗಿನಿಂದ ಅವಳು ಒಂದು ದಿನವೂ ನನ್ನ ಬಸ್ಸು ಹತ್ತಿದವಳಲ್ಲ. ಗಂಡ ಓಡಿಸುವ ಬಸ್ಸಿಗೆ ಟಿಕೆಟ್ ತೆಗೆದುಕೊಳ್ಳುವುದು ಅವಮಾನವಂತೆ, ತೆಗೆದುಕೊಳ್ಳದಿದ್ದರೆ ಕಳ್ಳತನವಂತೆ. ಆವತ್ತು ಟಿಕೆಟ್ ತೆಗೆದುಕೊಂಡು ನನ್ನ ಹಿಂದಿನ ಸೀಟಿನಲ್ಲಿ ಕೂತಳು. ಕನ್ನಡಿಯಲ್ಲಿ ಕಾಣುತ್ತಿತ್ತು. ಚೀಲವನ್ನು ಎರಡೂ ಕೈಯಿಂದ ಅಪ್ಪಿಕೊಂಡು, ನನ್ನ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ಕೆಮ್ಮುತ್ತಿದ್ದಳು. ಅವಳಿಗೆ ಕೆಮ್ಮಿರಲಿಲ್ಲ. ‘ಎಚ್ಚರವಾಗಿದ್ದೀನಿ ಕಣೇ’ ಎಂದೆ. ಪಕ್ಕದಲ್ಲಿ ಕೂತ ಹೆಂಗಸು ನಮ್ಮಿಬ್ಬರನ್ನೂ ನೋಡಿ ಹಿಂದಿನ ಸೀಟಿಗೆ ಹೋದಳು.

ಮಾರ್ಕೆಟ್ ದಾಟಿತು. ಆಸ್ಪತ್ರೆ ಸ್ಟಾಪು ದಾಟಿತು. ಸೇತುವೆ ಇಳಿದ ಮೇಲೆ ಒಂದು ಸಿಗ್ನಲ್ ಬಹಳ ಉದ್ದ. ಅಲ್ಲಿ ನಿಂತೆ. ಕೆಮ್ಮು ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳ ತಲೆ ಕಿಟಕಿಗೆ ಒರಗಿದೆ, ಬಾಯಿ ಸ್ವಲ್ಪ ತೆರೆದಿದೆ. ಚೀಲ ಜಾರಿ ಕಾಲ ಹತ್ತಿರ ಬಿದ್ದಿದೆ.

ಇಳಿಯಬೇಕೆಂದು ಹೇಳಿದ್ದ ಸ್ಟಾಪು ಬಂತು. ಚಿಲ್ಲರೆ ಅವಳನ್ನು ಎಬ್ಬಿಸಲು ಹೊರಟ. ಬೇಡ ಅಂದೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಅವಳು ಏಳಲಿಲ್ಲ. ಚಿಲ್ಲರೆ ತನ್ನ ಕೈಯಿಂದಲೇ ದುಡ್ಡು ಹಾಕಿ ವಾಪಸು ಟಿಕೆಟ್ ಹರಿದು ಅವಳ ಚೀಲದಲ್ಲಿಟ್ಟ. ಇದನ್ನು ಡಿಪೋದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಮತ್ತೆ ಹೊರಟೆವು. ಶಾಲೆ ಬಿಡುವ ಹೊತ್ತು, ಮಕ್ಕಳು ನುಗ್ಗಿದರು. ಚಿಲ್ಲರೆ ತುಟಿಗೆ ಬೆರಳಿಟ್ಟು ಅವರನ್ನು ಹಿಂದಕ್ಕೆ ಕಳಿಸಿದ. ನಿನಗೊಂದು ವಿಷಯ ಹೇಳುತ್ತೇನೆ, ಅವಳ ಕಿವಿಗೆ ಹಾಕಬೇಡ. ನಿನ್ನ ಅತ್ತೆ ಗೊರಕೆ ಹೊಡೆಯುತ್ತಾಳೆ. ಸಣ್ಣದು, ಹಾಲು ಉಕ್ಕುವ ಮುಂಚೆ ಬರುತ್ತದಲ್ಲ, ಅಂಥ ಸದ್ದು. ಅವಳಿಗಿಂತ ಮೊದಲು ನನಗೇ ನಿದ್ದೆ ಬಂದುಬಿಡುತ್ತಿತ್ತಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅದನ್ನು ಕೇಳಿಯೇ ಇರಲಿಲ್ಲ. ನಿಲ್ಲದೆ, ಒಂದೇ ಸಮ ಬರುತ್ತಿತ್ತು. ಹಂಪು ಬಂದಲ್ಲೆಲ್ಲ ಬಸ್ಸನ್ನು ಕೈಯಲ್ಲಿ ಎತ್ತಿ ಆಚೆ ಇಟ್ಟ ಹಾಗೆ ದಾಟಿಸಿದೆ.

ನಿನ್ನ ಮಾವ